ಫ್ಯಾನಿನ ಕೆಳಗಿನ ಲೋಡು

ನರಗುಂದದ ನಮ್ಮ ಮಾವ ಮಹಾಲಿಂಗಪ್ಪನವರ ಪಡಸಾಲೆಯಲ್ಲಿ ಒಂದು ಲೋಡು ಇದೆ. ಅಂಥ ಲೋಡು ಇಡೀ ರಾಜ್ಯದಲ್ಲಿ ಇನ್ನೊಂದಿಲ್ಲ. ಅದರ ಹೊಟ್ಟೆಯೊಳಗಿನ ಹತ್ತಿಯನ್ನು ತೆಗೆದು ನೂತರೆ ರೋಣ ತಾಲೂಕಿನ ಗಂಡಸರಿಗೆಲ್ಲ ಒಂದೊಂದು ಧೋತರ ಆಗಿ, ಮಿಕ್ಕಿದ್ದರಲ್ಲಿ ಕುಪ್ಪಸ ಹೊಲಿಸಬಹುದು. ಅದು ಇರುವುದು ಸರಿಯಾಗಿ ಫ್ಯಾನಿನ ಕೆಳಗೆ. ಅದಕ್ಕೆ ಒರಗಿ ಕೂತವನಿಗೆ ಮೊದಲ ಚಹಾ, ಮೊದಲ ಹೋಳಿಗೆ, ಮೊದಲ ಮಾತು. ಮದುವೆಯಾದ ಲಾಗಾಯ್ತು ಅದಕ್ಕೆ ಒರಗಿದವನು ನಾನು, ಅಂದಾನಪ್ಪ, ಆ ಮನೆಯ ದೊಡ್ಡ ಅಳಿಯ.

ನನ್ನ ಪರಿಚಯ ಯಾರಿಗೂ ಬೇಕಿಲ್ಲ, ಆದರೂ ಹೇಳುತ್ತೇನೆ. ರೋಣದ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರು ವೈಂಡಿಂಗ್ ಅಂಗಡಿ ನನ್ನದು. ಸವಡಿ, ಪುರ್ತಗೇರಿಯ ಬೋರುಗಳಲ್ಲಿ ನೀರು ಮೇಲೇರುವುದು ಮೋಟಾರಿನ ಬಲದಿಂದಲ್ಲ, ನನ್ನ ಮೇಲಿನ ಅಂಜಿಕೆಯಿಂದ. ಗಿರಾಕಿಗಳು ಎಷ್ಟೆಂದರೆ, 'ನಾಳಿ ಕೊಡತೀನಿ' ಎಂದು ನಾನು ಹೇಳಿದ ಮೋಟಾರುಗಳ ಬಗ್ಗೆ ಕೇಳಲು ಫೋನು ಬೆಳಗಿನಿಂದ ಬಡಿದುಕೊಳ್ಳುತ್ತದೆ. ಅದಕ್ಕೆ ನಾನು ಕಂಡುಹಿಡಿದ ಉಪಾಯ ಇದು: ಫೋನನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದುಬಿಡುವುದು. ಆಮೇಲೆ ಯಾರು ಹಚ್ಚಿದರೂ 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಎನ್ನುವ ಹೆಣ್ಣುದನಿ. ಮೋಟಾರಿಗಾಗಿ ಆಕೆಯೊಡನೆ ಜಗಳ ಮಾಡಿದ ರೈತರೂ ಇದ್ದಾರೆ.

ನನ್ನ ಬೈಕೂ ಸಾಮಾನ್ಯದ್ದಲ್ಲ. ರೋಣದಲ್ಲಿ ಕಿಕ್ ಹೊಡೆದರೆ ನರಗುಂದದ ಗುಡ್ಡದ ಮೇಲಿನ ಪಾರಿವಾಳಗಳು ಎದ್ದು ಹಾರುತ್ತವೆ. ಓಣಿಯ ತಿರುವಿಗೆ ಬಂದೆನೆಂದರೆ ನಮ್ಮ ಅತ್ತೆ ಸಿದ್ದಲಿಂಗವ್ವನವರು ಸದ್ದು ಗುರುತು ಹಿಡಿದು ಚಹಾಕ್ಕೆ ಇಡುತ್ತಾರೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕಪ್ಪು ಬಸಿ ಎದುರಿಗೆ.

ಇನ್ನು ನನ್ನ ಕಣ್ಣು. ಒಮ್ಮೆ ಅತ್ತೆಯ ಎಮ್ಮೆಯನ್ನು ನೋಡಿ, "ಏನ್ ಕೆಚ್ಚಲರಿ ಅತ್ತಿಯಾರ, ಕೊಡಾ ಕಟ್ಟಿದಂಗೈತಿ" ಅಂದೆ. ಅಂದೇ ಸಂಜೆ ಅದು ಹಾಲಿನ ಚರಿಗೆಯನ್ನು ಒದ್ದು ಗೋಡೆಗೆ ಹಚ್ಚಿತು. ಇನ್ನೊಮ್ಮೆ ಅವರ ಕುಂಬಳಬಳ್ಳಿಯನ್ನು ಹೊಗಳಿದೆ, ಬಳ್ಳಿ ಬಾಡಿ ಹಗ್ಗವಾಯಿತು. ಮನೆಯವರೆಲ್ಲ ನಕ್ಕರು. ನಾನು ಬಿಟ್ಟೇನೆ? "ನಾ ಕಣ್ಣ ತೆರದ ನೋಡಿದ್ರ ಬಂಡಿ ಅಚ್ಚ ಮುರೀತೈತಿ" ಎಂದು ಊರೂರಿಗೆ ಹೇಳಿಕೊಂಡು ಬಂದೆ. ದೊಡ್ಡ ಮನುಷ್ಯನಿಗೆ ಇಂಥ ಒಂದೆರಡು ಬಿರುದು ಇರಬೇಕು.

ಹೀಗೆ ಎಲ್ಲ ಚೆಂದ ನಡೆದಿರುವಾಗ ನನ್ನ ಹೆಂಡತಿ ಮಹೇಶ್ವರಿಯ ತಂಗಿ ಅನ್ನಪೂರ್ಣೇಶ್ವರಿಗೆ ಗಜೇಂದ್ರಗಡದ ಅನಿಲಕುಮಾರ ಎಂಬ ವರ ಗೊತ್ತಾದ. ಮದುವೆಯಾಗಿ ನನಗೆ ಷಡ್ಡಕನಾದ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಗೆ ತಿರುಗುವ ಆ ದೊಡ್ಡ ರೆಕ್ಕೆಯ ಕಂಬಗಳಿವೆಯಲ್ಲ, ಅವುಗಳ ರಿಪೇರಿ ನೋಡುವ ನೌಕರಿ ಅವನದು. ತೆಳ್ಳಗಿನ ಮನುಷ್ಯ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಂಬಬಾರದು. ಅವರು ಉಳಿಸಿದ ಮಾತೆಲ್ಲ ಎಲ್ಲಿಗೆ ಹೋಗುತ್ತದೆ?

ಯುಗಾದಿ ಮುಗಿದ ಮೇಲೆ ಒಂದು ದಿನ ಮಾವನ ಫೋನು ಬಂತು. ಡಬ್ಬಿಯಲ್ಲಿ ಹಾಕಲು ಮರೆತಿದ್ದೆ.

"ದೊಡ್ಡ ಅಳಿಯಂದ್ರ, ನಮ್ಮ ಹಿತ್ತಲದ ಗೋದಾಮಿನ್ಯಾಗ ಈಗ ತೇವ ಎಷ್ಟೈತಿ, ಹೇಳ್ರಿ ನೋಡೋಣು?"

"ರೋಣದಾಗ ಕುಂತು ನಾ ಹ್ಯಾಂಗ ಹೇಳ್ಲಿ ಮಾವಾರ?"

"ನಾನೂ ಮಾರ್ಕೆಟ್ಟಿನ್ಯಾಗ ಕುಂತೀನಿ. ಆದ್ರ ಹೇಳ್ತೀನಿ. ಐವತ್ತೆಂಟು! ಅನಿಲಕುಮಾರ ಒಂದ ಬೋರ್ಡ್ ಕೂಡ್ರಿಸ್ಯಾರ. ಇಷ್ಟ ಬಿಸ್ಕಿಟಿನಷ್ಟ ಐತಿ. ಮನಿ ವೈಫೈ ಹಿಡಕೊಂಡು ನನ್ನ ಫೋನಿಗೆ ಸುದ್ದಿ ಕಳಸತೈತಿ. ಕಡ್ಲಿಗೆ ತೇವ ಹತ್ತಿ ಹುಳಾ ಬೀಳೂದು ಇನ್ನ ಬಂದ್ ಆತು ತಿಳೀರಿ!"

ಬಿಸ್ಕಿಟಿನಷ್ಟು! ನನ್ನ ಎದೆಯಲ್ಲಿ ಆವತ್ತು ಎದ್ದ ಉರಿಗೆ ಒಂದು ಪೈಪು ಹಚ್ಚಿದ್ದರೆ ಇಡೀ ರೋಣದ ಒಲೆಗಳು ಉರಿಯುತ್ತಿದ್ದವು. ಮಾವ ಆ ಫೋನನ್ನು ಮಾರುಕಟ್ಟೆಯಲ್ಲಿ ದಲಾಲರಿಗೆ ತೋರಿಸಿದರು, ಹಮಾಲರಿಗೆ ತೋರಿಸಿದರು, ಕಾಳು ತಿನ್ನಲು ಬಂದ ದನಕ್ಕೂ ತೋರಿಸಿರಬೇಕು. ನಾನು ಮುಂದೆ ನರಗುಂದಕ್ಕೆ ಹೋದಾಗ ಫ್ಯಾನಿನ ಕೆಳಗೆ ಲೋಡಿಗೆ ಒರಗಿ ಕೂತವನು ಅನಿಲಕುಮಾರ. ನನಗೆ ಬಾಗಿಲ ಸಂದಿಯ ಗಾಳಿ ಬಡಿಯುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

"ಬರ್ರಿ ಅಣ್ಣಾರ, ಇಲ್ಲೇ ಬರ್ರಿ" ಎಂದು ಅನಿಲ ಎದ್ದು ನಿಂತ. ಅದೂ ಕೂಡ ನನಗೆ ಸೇರಲಿಲ್ಲ. ಕೊಟ್ಟ ಲೋಡು ಬೇರೆ, ನಮ್ಮ ಲೋಡು ಬೇರೆ.

"ಇರಲಿ, ಕೂಡ್ರಿ. ನನಗ ಕುರ್ಚೀನ ಚಲೋ" ಎಂದೆ. ಅನಿಲ ಮತ್ತೆ ಕೂತ. ಮಾವ ಎದುರಿಗಿದ್ದರೂ ಸಣ್ಣ ಅಳಿಯನನ್ನು ಏಳಿಸಲಿಲ್ಲ. ಅತ್ತೆ ಚಹಾ ತಂದರು, ಮೊದಲ ಕಪ್ಪು ಲೋಡಿನ ಕಡೆ ಹೋಯಿತು. ನಾನು ಹಲ್ಲು ಕಡಿದ ಸದ್ದಿಗೆ ಅಟ್ಟದ ಮೇಲಿನ ಇಲಿ ಹೆದರಿ ಓಡಿತು.

ಬೋರ್ಡನ್ನು ನೋಡದೆ ಇರಲಾದೀತೆ? ಅತ್ತೆಯನ್ನು ಕರೆದುಕೊಂಡು ಗೋದಾಮಿಗೆ ಹೋದೆ. ಕಡಲೆಯ ಚೀಲಗಳು ಸೂರಿನ ತನಕ. ಪಕ್ಕದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಚಾರ್ಜರಿನ ವಾಯರಿಗೆ ಸಿಕ್ಕಿಸಿದ ಆ ಬೋರ್ಡು, ಮಗ್ಗುಲಲ್ಲಿ ನೀಲಿಬಣ್ಣದ ಪುಟ್ಟ ಸೆನ್ಸರ್. ನಾನು ಬಗ್ಗಿ, ಕಣ್ಣು ಅಗಲಿಸಿ, ಬಹಳ ಹೊತ್ತು ನೋಡಿದೆ.

"ಏನ್ ಚೆಂದ ಐತ್ರಿ ಅತ್ತಿಯಾರ! ಮುಗಲಾನ ಚಿಕ್ಕಿ ಇಟ್ಟಂಗ ಹೊಳೀತೈತಿ!" ಎಂದೆ.

ಅತ್ತೆಯ ಮುಖ ಬಿಳಿಚಿತು. ಅವರು ಎಮ್ಮೆಯನ್ನು ಮರೆತಿರಲಿಲ್ಲ.

ಅದರ ಮುಂದಿನ ಸಲ ನಾನು ಹೋದದ್ದು ಅಮಾವಾಸ್ಯೆಗೆ. ಬೈಕು ನಿಲ್ಲಿಸಿ ಒಳಗೆ ಕಾಲಿಟ್ಟೆನೋ ಇಲ್ಲವೋ, ಮಾವ ಫೋನನ್ನು ಅಂಗೈಗೆ ಬಡಿಯುತ್ತಿದ್ದರು.

"ಈಗ ಸುದ್ದಿ ಬರ್ತಿತ್ತು, ಒಮ್ಮಿಂದೊಮ್ಮೆಲೆ ನಿಂತಬಿಡ್ತಲ್ಲ!"

ನಾನು ಮುಖ ತಿರುಗಿಸಿ ನಕ್ಕ ನಗು ಹುಬ್ಬಳ್ಳಿಗೆ ಕೇಳಿಸಬೇಕಿತ್ತು, ಹೇಗೋ ತಡೆದುಕೊಂಡೆ. ನಾನು ಹೊರಟು ಊರು ದಾಟಿದ ಮೇಲೆ ತಾನೇ ಸುರುವಾಯಿತಂತೆ. ಮುಂದಿನ ಸೋಮವಾರ ಹೋದೆ, ಮತ್ತೆ ನಿಂತಿತು. ರೋಣಕ್ಕೆ ತಿರುಗಿ ಬಂದೆ, ಮತ್ತೆ ಸುರುವಾಯಿತು. ಯಾವ ದೇವರಿಗೂ ಇಷ್ಟು ಬೇಗ ಹರಕೆ ಮುಟ್ಟಿದ್ದಿಲ್ಲ. ಆ ತಿಂಗಳು ನಾನು ನೆವ ಹುಡುಕಿ ಹುಡುಕಿ ನರಗುಂದಕ್ಕೆ ಹೋದೆ. ಒಮ್ಮೆ ಕೊತ್ತಂಬರಿ ತರಲೆಂದೇ ಹೋಗಿ ಬಂದೆ. ರೋಣದಲ್ಲಿ ಕೊತ್ತಂಬರಿ ಸಿಗುವುದಿಲ್ಲವೇ ಎಂದು ಮಹೇಶ್ವರಿ ಕೇಳಿದಳು. ಸಿಗುತ್ತದೆ, ರುಚಿ ಇಲ್ಲ ಎಂದೆ.

ಪಂಚಮಿ ಬಂತು. ಹೆಣ್ಣುಮಕ್ಕಳಿಬ್ಬರೂ ತವರಿಗೆ ಬಂದಿದ್ದರು. ಅವರ ಹಿಂದೆ ಅಳಿಯಂದಿರಿಬ್ಬರೂ. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು; ಹಿತ್ತಲದ ಬೇವಿನ ಮರಕ್ಕೆ ಜೋಕಾಲಿ. ಹೊರಗೆ ಜಿಟಿಜಿಟಿ ಮಳೆ. ಕಡಲೆಗೆ ತೇವ ಹತ್ತುವ ಕಾಲವೆಂದರೆ ಇದೇ, ಆದರೆ ನಾನು ಬಂದ ಗಳಿಗೆಯಿಂದ ಮಾವನ ಫೋನು ಬಾಯಿ ಬಿಡಲೊಲ್ಲದು.

ಅನಿಲಕುಮಾರ ಲೋಡಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೋರ್ಡಿಗೆ ವಾಯರು ಚುಚ್ಚಿ ಕೂತ. ಅದರೊಳಗೆ ಅವನು ಬರೆದ ಕೋಡು ಇರುತ್ತದೆ: ಏಳು, ಮನೆಯ ವೈಫೈ ಹುಡುಕು, ಪಾಸ್‌ವರ್ಡ್ ಹೇಳಿ ಒಳಗೆ ಹೋಗು, ಸೆನ್ಸರ್ ಓದು, ಸುದ್ದಿ ಕಳಿಸು. ವೈಫೈ ಸಿಗುವ ತನಕ ಪರದೆಯ ಮೇಲೆ ಚುಕ್ಕಿ ಮೇಲೆ ಚುಕ್ಕಿ ಬೀಳುತ್ತವೆ, ಥೇಟ್ ರಂಗೋಲಿಗೆ ಇಟ್ಟ ಹಾಗೆ. ಸಿಕ್ಕರೆ 'ಸಿಕ್ಕಿತು' ಎನ್ನುತ್ತದೆ.

"ಇಲ್ಲಿ ಹಚ್ಚಿದ್ರ ಒಂದ ಚುಕ್ಕಿಗೇ ಸಿಗತೈತ್ರಿ ಮಾವಾರ" ಎಂದ ಅನಿಲ. "ಪಾಸ್‌ವರ್ಡ್ ಸರಿ ಐತಿ. ಬಿಟ್ಟಹೋದ್ರ ಮತ್ತ ಹುಡುಕು ಅಂತನೂ ಬರದೀನಿ."

"ಬರದೀನಿ ಅಂದ್ರ ಅದು ಓದಬೇಕಲ್ಲ ತಮ್ಮಾ" ಎಂದೆ ನಾನು ಕುರ್ಚಿಯಿಂದ. "ಸಾಲಿ ಬಿಟ್ಟ ಬೋರ್ಡ್ ಇರಬೇಕು."

ಎಲ್ಲರೂ ಗೋದಾಮಿಗೆ ಹೋದೆವು. ಗೋದಾಮಿನ ಕೀಲಿ ಅತ್ತೆಯ ಸೊಂಟ ಬಿಟ್ಟು ಕದಲುವುದಿಲ್ಲ. ಅನಿಲ ಬೋರ್ಡನ್ನು ಕಟ್ಟೆಯ ಮೇಲಿಟ್ಟ. ಮಾವನ ಫೋನಿಗೆ ಸುದ್ದಿ ಬಂತು. ಅರವತ್ತಾರು! ಚಪ್ಪಾಳೆ. ಮನೆಯೊಳಗೆ ಬಂದು ಎಲೆಗೆ ಕೂತೆವು. ಬೀಗ ಹಾಕಿಕೊಂಡು ಅತ್ತೆ ಹಿಂದಿನಿಂದ ಬಂದರು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಸುದ್ದಿ ಬಂದ್. ಅನಿಲ ಕೈ ತೊಳೆದು ಎದ್ದ. ಅತ್ತೆ, "ತಡೀರಿ, ಒಳಗ ಕತ್ತಲೈತಿ, ದೀಪಾ ಹಚ್ಚತೀನಿ" ಎಂದು ಮುಂದೆ ಓಡಿದರು. ಅವನು ಒಳಗೆ ಹೋಗುವಷ್ಟರಲ್ಲಿ ಬೋರ್ಡು ನಗುನಗುತ್ತ ಸುದ್ದಿ ಕಳಿಸುತ್ತಿತ್ತು.

"ನಾ ನೋಡಾಕ ಬಂದ್ರ ಚಲೋ ಇರತೈತಿ, ಬೆನ್ನ ತಿರುಗಿಸಿದ್ರ ಸಾಯತೈತಿ!" ಎಂದು ಅನಿಲ ತಲೆ ಕೆರೆದುಕೊಂಡ. ಆ ಗೋಳಿನ ಮುಖ ನೋಡುತ್ತ ನಾನು ಉಂಡ ಊಟ! ಅಂಥ ರುಚಿಯ ಬದನೆಕಾಯಿ ಪಲ್ಲೆ ನಾನು ಜನ್ಮದಲ್ಲಿ ಉಂಡಿಲ್ಲ.

ಅವನು ಜಾಣ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ, ಆದರೂ ಜಾಣ. ಕೋಡಿನಲ್ಲಿ ಹೊಸದೊಂದು ತುಂಡು ಸೇರಿಸಿದ: ವೈಫೈ ತಪ್ಪಿದಾಗೆಲ್ಲ ಯಾವ ಹೊತ್ತಿಗೆ ತಪ್ಪಿತು, ಯಾಕೆ ತಪ್ಪಿತು ಎಂದು ಬೋರ್ಡು ನೆನಪಿಟ್ಟುಕೊಳ್ಳಬೇಕು, ಮತ್ತೆ ಸಿಕ್ಕಾಗ ಒಪ್ಪಿಸಬೇಕು. ಸಂಜೆ ಅದು ಒಪ್ಪಿಸಿತು. ಪಾಸ್‌ವರ್ಡ್ ತಪ್ಪು ಎನ್ನಲಿಲ್ಲ. ಸುಟ್ಟೆ, ಸತ್ತೆ ಎನ್ನಲಿಲ್ಲ. ಪ್ರತಿ ಸಲವೂ ಒಂದೇ ಮಾತು: ನೆಟ್‌ವರ್ಕ್ ಕಾಣಿಸಲಿಲ್ಲ.

"ಕಾಣಿಸಲಿಲ್ಲ ಅಂದ್ರ?" ಎಂದರು ಮಾವ.

"ಕಣ್ಣ ಕಟ್ಟಿದಂಗ ಆಗತೈತ್ರಿ ಅದಕ್ಕ."

ಲೋಟ ತೊಳೆಯುತ್ತಿದ್ದ ಅನ್ನಪೂರ್ಣಿ ಕಿಸಕ್ಕನೆ ನಕ್ಕಳು. "ದೊಡ್ಡ ಭಾವಾರು ಬಂದ್ರು ಅಂದ್ರ ಅದು ನಾಚಿ ಸೆರಗ ಮುಚಿಗೋತೈತಿ ನೋಡ್ರಿ!"

ನಗೆಮಾತು. ಆದರೆ ಮಾವ ನಗಲಿಲ್ಲ. ಫೋನಿನಲ್ಲಿ ತೇವದ ಗೆರೆ ಇತ್ತು, ಏರುತ್ತ ಇಳಿಯುತ್ತ ಬಂದ ಗೆರೆ. ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಮಾವ ಒಂದೊಂದೇ ಖಾಲಿಯ ಮೇಲೆ ಬೆರಳಿಟ್ಟರು.

"ಇದು ಅಮಾಸಿ. ದೊಡ್ಡ ಅಳಿಯಂದ್ರು ಬಂದಿದ್ರು. ಇದು ಸೋಮವಾರ. ಬಂದಿದ್ರು. ಇದು... ಕೊತಂಬ್ರಿ ಒಯ್ಯಾಕ ಬಂದಿದ್ರು."

ಮಾವ ಗಂಟಲು ಸರಿ ಮಾಡಿಕೊಂಡರು.

"ತಪ್ಪ ತಿಳಕೋಬ್ಯಾಡ್ರಿ ಅಂದಾನಪ್ಪನವರ. ಕಡ್ಲಿ ಖಾಲಿ ಆಗೂ ತನಕಾ ನೀವು ಬರೂದು ಸ್ವಲ್ಪ ಕಡಿಮಿ ಮಾಡಿದ್ರ... ಮಹೇಶ್ವರಿನ್ನ ಬಸ್ಸಿಗೆ ಕಳಸ್ರಿ, ಸ್ಟ್ಯಾಂಡಿಗೆ ಬಂದು ನಾವ ಕರಕೊಂಡು ಬರತೀವಿ."

ಕೇಳಿದಿರಾ? ಹದಿನೆಂಟು ಹಳ್ಳಿಯ ಮೋಟಾರು ನಡೆಸುವ ನನಗೆ! ಲೋಡು ಹೋಗಲಿ, ಆ ಪ್ಲಾಸ್ಟಿಕ್ ಕುರ್ಚಿಯೂ ಇನ್ನಿಲ್ಲ. ಬರಬೇಡ ಎನಿಸಿಕೊಂಡ ಅಳಿಯ ಎಂದರೆ ನಾಳೆ ರೋಣದಲ್ಲಿ ಚಹಾದಂಗಡಿಯವನು ಕೂಡ ಕಪ್ಪು ಮುಚ್ಚಿಕೊಂಡು ಕೊಟ್ಟಾನು. ನಾನು ಮಹೇಶ್ವರಿಯ ಕಡೆ ನೋಡಿದೆ.

"ನನ್ನ ಕಣ್ಣ ಹಿಂಗ, ನನ್ನ ಕಣ್ಣ ಹಂಗ ಅಂತ ಊರ ತುಂಬ ಡಂಗುರಾ ಹೊಡದ್ರಲ್ಲ, ಈಗ ಉಣ್ರಿ" ಎಂದಳು ಆಕೆ. ಅಂದವಳ ಕಣ್ಣಲ್ಲಿ ನೀರಿತ್ತು. ಅದು ನನಗೆ ಹೆಚ್ಚು ಚುಚ್ಚಿತು.

ಅಂತೂ ಆ ಬಿಸ್ಕಿಟನ್ನು ಸರಿ ಮಾಡುವುದು ಈಗ ಅವನಿಗಿಂತ ನನಗೆ ಜರೂರಾಯಿತು. ಇಂಥ ಅನ್ಯಾಯ ಎಲ್ಲಾದರೂ ಉಂಟೆ? ವೈರಿಯ ಮನೆಯ ದೀಪಕ್ಕೆ ನಾನೇ ಎಣ್ಣೆ ಹೊಯ್ಯಬೇಕು!

ಮರುದಿನ ಬೆಳಿಗ್ಗೆ ಎದ್ದು ನಿಂತು, "ನನ್ನ ಕಣ್ಣಿಗೆ ಅರಿವಿ ಕಟ್ಟರಿ. ಪರೀಕ್ಷಾ ಆಗಲಿ" ಎಂದೆ. ಅನಿಲ ನನ್ನ ಕಣ್ಣಿಗೆ ಟವೆಲ್ ಬಿಗಿದು, ನನ್ನದೇ ಬೈಕಿನ ಹಿಂದೆ ಕೂಡಿಸಿಕೊಂಡು ಊರ ಹೊರಗೆ ಹೋದ. ದಾರಿಯುದ್ದಕ್ಕೂ ಜನ, "ಅಂದಾನಪ್ಪನ್ನ ಯಾವ ದವಾಖಾನಿಗೆ ಒಯ್ಯಾಕತ್ತೀರಿ?" ಎಂದು ಕೇಳಿದರು. ಊರ ಹೊರಗೆ ನಿಂತಾಗ ಅನಿಲನ ಫೋನಿಗೆ ಸುದ್ದಿ ಬಂತು. ಕಣ್ಣು ಕಟ್ಟಿದ ಹಾಗೆಯೇ ನನ್ನನ್ನು ತಿರುಗಿ ತಂದ. ಓಣಿಯ ತಿರುವು ದಾಟಿದೆವು, ಸುದ್ದಿ ಬಂದ್!

ಮಾವ ಹಣೆ ಒತ್ತಿಕೊಂಡರು. ಅನಿಲ ಮಾತ್ರ ಬೈಕಿನ ಸುತ್ತ ಒಂದು ಸುತ್ತು ಹಾಕಿದ.

"ಅಣ್ಣಾರ, ನಿಮ್ಮ ಕಣ್ಣಲ್ಲ. ನಿಮ್ಮ ಗಾಡಿ! ಪ್ಲಗ್ಗಿನ ವಾಯರ್ ಹಳೇದ್ ಆಗಿ ಕಿಡಿ ಹಾರತೈತಿ. ಆ ಕಿಡಿ ವೈಫೈ ಕೆಡಸತಿರಬೇಕು."

"ನನ್ನ ಗಾಡಿಗೆ ಹೆಸರಿಡತೀಯೇನು?" ಎಂದೆ. ಆದರೆ ಒಳಗೊಳಗೆ, ಕಣ್ಣಿಗಿಂತ ಗಾಡಿ ವಾಸಿ ಎನ್ನಿಸಿತು.

"ನಾ ಒಬ್ಬನ ಇದನ್ನ ತಿರುವಿನ ತನಕಾ ಒಯ್ದು ತರತೀನಿ. ನೀವು ಕಾಲಾಗ ದೂರ ಹೋಗಿ ನಿಂದರ್ರಿ" ಎಂದು ಅವನು ಕಿಕ್ ಹೊಡೆದ.

ಗಾಡಿಯ ಸದ್ದು ದೂರ ಹೋಗಿ ಅಡಗಿತು. ನಾನು ಹಿತ್ತಲ ಕಡೆಯ ಸಂದಿಗೆ ನಡೆದೆ. ಅಲ್ಲಿ ಗೋದಾಮಿಗೆ ಒಂದು ಜಾಲರಿಯ ಕಿಡಕಿ ಇದೆ. ಒಳಗೆ ಹಣಿಕಿ ಹಾಕಿದೆ. ಕತ್ತಲಲ್ಲಿ ಬೋರ್ಡಿನ ಪುಟ್ಟ ನೀಲಿ ದೀಪ ಮಿಣುಕುತ್ತಿತ್ತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಪೂರ್ತಿ ಶಕ್ತಿ ಹಾಕಿ ನೋಡಿದೆ. ಬಂಡಿಯ ಅಚ್ಚು ಮುರಿಯುವ ನೋಟ ಅದು. ದೀಪ ಮಿಣುಕುತ್ತಲೇ ಇತ್ತು. ಖರೇ ಹೇಳಬೇಕೆಂದರೆ, ಸ್ವಲ್ಪ ಬೇಸರವಾಯಿತು.

ಅಷ್ಟರಲ್ಲಿ ತಿರುವಿನಲ್ಲಿ ಬೈಕು ಗುಡುಗಿತು. ಗೋದಾಮಿನ ಕೀಲಿ ಕಿರ್ರೆಂದಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ದಡಬಡ ಒಳಗೆ ಬಂದರು. ಮೂಲೆಯಿಂದ ಹಿತ್ತಾಳೆಯ ಕೊಳಗ ಎತ್ತಿಕೊಂಡರು. ಮುತ್ತಜ್ಜನ ಕಾಲಕ್ಕೆ ಕಾಳು ಅಳೆಯುತ್ತಿದ್ದ, ಎರಡು ಕೈಯಲ್ಲಿ ಹಿಡಿಯಬೇಕಾದ ಕೊಳಗ. ಅದನ್ನು ಬೋರಲು ಮಾಡಿ ಬೋರ್ಡಿನ ಮೇಲೆ ಮುಚ್ಚಿದರು.

"ನಾಯಿ ಕಣ್ಣು, ನರಿ ಕಣ್ಣು, ದೊಡ್ಡ ಅಳಿಯನ ಕಣ್ಣು, ಯಾರ ಕಣ್ಣೂ ಬೀಳದಿರಲಿ" ಎಂದು ಕೊಳಗದ ಮೇಲೆ ನೆಟಿಗೆ ಮುರಿದರು.

ನಾಯಿ, ನರಿ, ನಾನು! ಆ ಸಾಲಿನಲ್ಲಿ ನಾನು ಕೊನೆಗಿದ್ದೆ ಎಂಬುದು ಮೊದಲು ಚುಚ್ಚಿತು. ಆಮೇಲೆ ನನ್ನ ಅಂಗಡಿಯ ತಗಡಿನ ಡಬ್ಬಿ ಕಣ್ಣ ಮುಂದೆ ಬಂತು. ವ್ಯಾಪ್ತಿ ಪ್ರದೇಶದ ಹೊರಗೆ!

"ಅತ್ತಿಯಾರ" ಎಂದೆ ಜಾಲರಿಯಿಂದ.

ಅತ್ತೆ ಹೌಹಾರಿದರು. ತಿರುಗಿ ನನ್ನ ಮುಖ ಕಂಡು ಅಲ್ಲಿಯೇ ಚೀಲದ ಮೇಲೆ ಕುಸಿದು ಕೂತರು.

"ಎಷ್ಟ ದಿನದಿಂದ ಮುಚ್ಚಾಕತ್ತೀರಿ?"

"ನೀವು ಚಿಕ್ಕಿ ಅಂದ್ರಲ್ಲ, ಅವತ್ತಿನಿಂದ. ಮದಲ ತಾಮ್ರದ ತಂಬಗಿ ಮುಚ್ಚಿದೆ. ಅಷ್ಟಕ್ಕ ನಿಮ್ಮ ಕಣ್ಣ ನಿಂದರಲಿಲ್ಲ. ಆಮ್ಯಾಲ ಕೊಳಗಾ ತಂದೆ. ಹಿತ್ತಾಳಿ ಕೊಳಗಾನೂ ತೂರಿ ಹೋಗತೈತಲ್ರೀ ನಿಮ್ಮ ಕಣ್ಣು! ಇನ್ನೇನ ಕಬ್ಬಿಣದ ತಿಜೂರಿ ತರ್ಲ್ಯಾ?"

"ಅಯ್ಯ ನನ್ನವ್ವಾ, ತಿಜೂರಿ ತಂದ್ರ ಪೂರಾ ಸಾಯತೈತಿ! ನನ್ನ ಕಣ್ಣ ತೂರಿ ಹೋಗಿಲ್ಲ, ವೈಫೈ ತೂರಿ ಹೋಗಾಕ ಆಗವಲ್ದು. ಲೋಹದಾಗ ಮುಚ್ಚಿದ್ರ ಅದಕ್ಕ ಹೊರಗಿಂದು ಕಾಣೂದಿಲ್ಲ. ಅನಿಲ ಹೇಳಲಿಲ್ಲೇನು, ಕಣ್ಣ ಕಟ್ಟಿದಂಗ ಅಂತ? ಕೊಳಗಾ ತಗೀರಿ ನೋಡೋಣು."

ಅತ್ತೆ ಕೊಳಗ ಎತ್ತಿದರು. ನಾನು ಸಂದಿಯಲ್ಲಿ ನಿಂತು ಮಾವನಿಗೆ ಫೋನು ಹಚ್ಚಿದೆ. ಸುದ್ದಿ ಬಂತೆಂದು ಅವರು ಕೂಗಿದ್ದು ಫೋನಿಲ್ಲದೆಯೂ ಕೇಳಿಸಿತು. ಮುಚ್ಚಿಸಿದೆ, ನಿಂತಿತು. ತೆಗೆಸಿದೆ, ಬಂತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಯಾರ ಮುಂದೂ ಹೇಳಬ್ಯಾಡ್ರಿ ಅಂದಾನಪ್ಪನವರ. ಅಳಿಯನ ಕಣ್ಣಿಗೆ ಅಂಜಿ ಅತ್ತಿ ಕೊಳಗಾ ಮುಚ್ಚಿದ್ಲು ಅಂತ ಗೊತ್ತಾದ್ರ ನಿಮ್ಮ ಮಾವಾರಿಗೆ ಹ್ಯಾಂಗ ಮುಖಾ ತೋರಸಲಿ? ನನ್ನ ದೊಡ್ಡ ಮಗಳ ಮುಂದರೆ ಹ್ಯಾಂಗ ನಿಂದರಲಿ?"

ನಾನು ಯೋಚಿಸಿದೆ. ಬಾಯಿ ಬಿಟ್ಟರೆ ಅತ್ತೆಯ ಮಾನ ಹೋಗುತ್ತದೆ, ಜೊತೆಗೆ 'ನಾಯಿ ನರಿ ದೊಡ್ಡ ಅಳಿಯ' ಎಂಬ ಪದ ಊರಲ್ಲೆಲ್ಲ ಹಾಡಾಗುತ್ತದೆ. ಬಾಯಿ ಮುಚ್ಚಿದರೆ? ಪಡಸಾಲೆಯ ನಡುವೆ ನಿಂತು, ಬೋರ್ಡಿನ ದಿಕ್ಕಿಗೆ ಅಂಗೈ ಚಾಚಿ, 'ಚಾಲೂ ಆಗು' ಎಂದು ಗದರಿಸಬಹುದು. ಅದು ಚಾಲೂ ಆಗುತ್ತದೆ. ಅದನ್ನು ನಾನು ಸಾಯುವ ತನಕ ಹೇಳಿಕೊಂಡು ತಿರುಗಬಹುದು!

"ಹೇಳೂದಿಲ್ರಿ" ಎಂದೆ. "ಆದ್ರ ನಿಮಗ ಮುಚ್ಚದಿದ್ರ ಸಮಾಧಾನ ಇಲ್ಲ, ಹೌದಲ್ರಿ? ಬಿದಿರಿನ ಬುಟ್ಟಿ ಮುಚ್ಚರಿ. ವೈಫೈ ತೂರಿ ಹೋಗತೈತಿ, ಕಣ್ಣ ತೂರಿ ಹೋಗೂದಿಲ್ಲ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಮೂಲೆಯ ಬುಟ್ಟಿ ತಂದು ಬೋರ್ಡಿನ ಮೇಲೆ ಬೋರಲು ಹಾಕಿದರು. ನನ್ನ ಎದುರಿಗೇ! ಕೊಳಗವನ್ನು ಚೀಲಗಳ ಹಿಂದೆ ಸರಿಸಿದರು.

ನಾನು ಅಂಗೈ ಉಜ್ಜಿಕೊಳ್ಳುತ್ತ, ಗದರಿಸುವ ಮಾತನ್ನು ಮನಸ್ಸಿನಲ್ಲೇ ಹದ ಮಾಡುತ್ತ ಮುಂಬಾಗಿಲಿಗೆ ಬಂದರೆ ಅಲ್ಲಿ ಜಾತ್ರೆ. ನಾನು ಹಿತ್ತಲಲ್ಲಿದ್ದ ಹೊತ್ತಿನಲ್ಲಿ ಅನಿಲಕುಮಾರ ನನ್ನ ಬೈಕಿನ ಮುಂದೆ ಮೊಣಕಾಲೂರಿ ಕೂತು, ಅನ್ನಪೂರ್ಣಿ ರೊಟ್ಟಿ ಕಟ್ಟಲು ತಂದಿದ್ದ ಬೆಳ್ಳಿಬಣ್ಣದ ಕಾಗದವನ್ನು ಪ್ಲಗ್ಗಿನ ವಾಯರಿಗೆ ಸುತ್ತಿ, ಮೇಲೆ ಕಪ್ಪು ಟೇಪು ಬಿಗಿದಿದ್ದ. ಈಗ ಗಾಡಿ ಏರಿ ತಿರುವಿನ ತನಕ ಹೋಗಿ, ಗುಡುಗಿಸಿಕೊಂಡು ಬಾಗಿಲಿಗೆ ಬಂದ. ಎಲ್ಲರೂ ಫೋನಿನ ಕಡೆ ನೋಡಿದರು. ಸುದ್ದಿ ನಿಲ್ಲಲಿಲ್ಲ. 

"ಗಾಡೀನ ಖರೇ! ಗಾಡೀದ ದೋಷಾ!" ಎಂದು ಮಾವ ಅನಿಲನನ್ನು ತಬ್ಬಿಕೊಂಡರು. "ಏನ್ ತಲೀರಿ ನಿಮ್ಮದು!"

ನನ್ನ ಗಾಡಿ. ನನ್ನದು. ತಾಲೂಕಿನ ಮೋಟಾರುಗಳ ಹುಟ್ಟು ಸಾವು ಬರೆಯುವ ನನ್ನ ಗಾಡಿಯನ್ನು ರೊಟ್ಟಿಯ ಕಾಗದದಿಂದ ರಿಪೇರಿ ಮಾಡಿ, ಓಣಿಯ ಜನರಿಂದ ಭೇಷ್ ಎನಿಸಿಕೊಂಡ! ಆ ಗಳಿಗೆ ನನ್ನ ಮೇಲೆ ಹಸಿ ಕಡಲೆ ಚೆಲ್ಲಿದ್ದರೆ ಹುರಿದ ಪುಟಾಣಿಯಾಗಿ ಸಿಡಿಯುತ್ತಿತ್ತು. ಚಾಚಬೇಕೆಂದು ತಂದಿದ್ದ ಅಂಗೈಯನ್ನು ಕಿಸೆಯಲ್ಲಿ ಇಟ್ಟುಕೊಂಡೆ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ" ಎಂದ ಅನಿಲ. "ಆ ಕಾಗದಾ ಮಾತ್ರ ತಗೀಬ್ಯಾಡ್ರಿ."

ಅದನ್ನು ಇವತ್ತಿಗೂ ತೆಗೆದಿಲ್ಲ. ಹೇಗೆ ತೆಗೆಯಲಿ? ರೋಣದಲ್ಲಿ ಗಿರಾಕಿಗಳು ಕೇಳಿದರೆ, ವಿದೇಶದಿಂದ ತರಿಸಿದ ಪಾರ್ಟು ಎನ್ನುತ್ತೇನೆ.

ಸಂಜೆ ಚಹಾದ ಹೊತ್ತು. ಅನಿಲ ಫ್ಯಾನಿನ ಕೆಳಗೆ ಲೋಡಿಗೆ ಒರಗಿದ್ದ. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಮಳೆ ನೋಡುತ್ತಿದ್ದೆ. ಮಾವ ಬರಬೇಡ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಕುರ್ಚಿ ಉಳಿದಿತ್ತು, ಅಷ್ಟೇ. ಸಿದ್ದಲಿಂಗವ್ವನವರು ತಾಟು ಹಿಡಿದು ಬಂದರು. ನಡುವೆ ನಿಂತರು.

"ಅನಿಲಕುಮಾರ, ಸ್ವಲ್ಪ ಸರೀರಿ. ಲೋಡಿನ ಗಲೀಫಾ ಹೊಲಸಾಗೈತಿ."

ಅವನು ಸರಿದ. ಅತ್ತೆ ಲೋಡು ಎಳೆದುಕೊಂಡು ಒಳಗೆ ಹೋದರು. ಒಗೆದು ಮಡಿಸಿಟ್ಟ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಹೂವಿನ ಗಲೀಫು ತೊಡಿಸಿ ತಂದರು. ಫ್ಯಾನಿನ ಕೆಳಗೆ ಇಟ್ಟರು, ಎರಡು ಸಲ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

"ದೊಡ್ಡ ಅಳಿಯಂದ್ರ, ಇಲ್ಲಿ ಬರ್ರಿ. ಅಲ್ಲಿ ಮಳಿ ಸೀರ ಬಡೀತೈತಿ."

ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಒಂದು ನೋಟ ನೋಡಿದರು. ಕಣ್ಣಿನ ಶಕ್ತಿ ಎಂದರೆ ಅದು. ಮಾವನ ಬಾಯಿ ಹಾಗೇ ಮುಚ್ಚಿತು. ನಾನು ಎದ್ದೆ, ನಡೆದೆ, ಕೂತೆ, ಒರಗಿದೆ. ಮೊದಲ ಕಪ್ಪು ನನ್ನ ಕೈಗೆ ಬಂತು, ಬಸಿಯಲ್ಲಿ ಎಲ್ಲಕ್ಕಿಂತ ದೊಡ್ಡ ಶೇಂಗಾ ಉಂಡಿ. ಅದರ ಗಾತ್ರ ಕಂಡು ನರಗುಂದದ ಗುಡ್ಡ ನಾಚಿಕೊಂಡಿತು.

ಅನಿಲಕುಮಾರ ಈಗ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ಯಾಕೆ ಹೀಗಾಯಿತೆಂದು ಅವನಿಗೆ ತಿಳಿಯಲಿಲ್ಲ. ಬೋರ್ಡು ಅವನದು, ಕೋಡು ಅವನದು, ಗಾಡಿಯ ರಿಪೇರಿಯೂ ಅವನದು. ಲೋಡು ಮಾತ್ರ ನನ್ನದು. ಮೊದಲು ಉಂಡಿಯ ಕಡೆ ನೋಡಿದ. ಆಮೇಲೆ ಹೂವಿನ ಗಲೀಫಿನ ಕಡೆ. ಆಮೇಲೆ ಫ್ಯಾನಿನ ಕಡೆ. ಆ ನೋಟ ನನಗೆ ಗೊತ್ತು. ಆ ನೋಟದಲ್ಲಿ ನಾನು ಎಷ್ಟು ವಾರ ಬದುಕಿದ್ದೆ!

"ಅತ್ತಿಯಾರ" ಎಂದೆ, ಎಲ್ಲರಿಗೂ ಕೇಳುವಂತೆ. "ನನಗ ಯಾರದೋ ಕಣ್ಣ ಬಿದ್ದಂಗ ಆಗೈತಿ. ಸ್ವಲ್ಪ ದೃಷ್ಟಿ ತಗೀರಿ."

ಅತ್ತೆಯ ತುಟಿಯ ಮೂಲೆ ಅಲುಗಿತು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ನನ್ನ ತಲೆಯ ಸುತ್ತ ನಿವಾಳಿಸಿದರು. "ನಾಯಿ ಕಣ್ಣು, ನರಿ ಕಣ್ಣು..." ಎಂದು ಸುರು ಮಾಡಿ, ಮುಂದಿನ ಹೆಸರನ್ನು ಬಾಯಲ್ಲೇ ನುಂಗಿ ಒಳಗೆ ಹೋಗಿ ಒಲೆಗೆ ಹಾಕಿದರು.

ನಮ್ಮ ಕಡೆ ನಿಮಗೆ ಗೊತ್ತಿರಬೇಕು, ಮೆಣಸಿನಕಾಯಿ ಸುಟ್ಟಾಗ ಘಾಟು ಏಳದಿದ್ದರೆ ದೃಷ್ಟಿ ಜೋರಾಗಿ ತಾಗಿತ್ತು ಎಂದು ಅರ್ಥ. ಹೇಳುತ್ತೇನೆ ಕೇಳಿ: ಒಂದಿಷ್ಟೂ ಘಾಟು ಏಳಲಿಲ್ಲ! ಅಡುಗೆಮನೆಯಲ್ಲಿ ಅನ್ನಪೂರ್ಣಿ ಕೆಮ್ಮಿದಳು, ಅದು ಮಳೆಯಲ್ಲಿ ಜೋಕಾಲಿ ಆಡಿದ ಶೀತ. ಮಹೇಶ್ವರಿ ಸೀನಿದಳು, ಆಕೆಗೆ ಮೊದಲಿನಿಂದ ನೆಗಡಿ. ಮಾವ ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಓಡಿದರು, ವಯಸ್ಸಾಯಿತು. ಅನಿಲಕುಮಾರ ಬಾಗಿಲ ಸಂದಿಯಲ್ಲಿ ಕೂತು ಕೆಮ್ಮಿ ಕೆಮ್ಮಿ, "ಅಣ್ಣಾರ, ನಿಮಗ ಘಾಟ ಹತ್ತವಲ್ದೇನ್ರಿ?" ಎಂದ.

"ಎಲ್ಲೀ ಘಾಟೋ ತಮ್ಮಾ?" ಎಂದೆ, ಕಣ್ಣಲ್ಲಿ ಧಾರಾಳ ನೀರು ಸುರಿಸುತ್ತ, ಲೋಡನ್ನು ಇನ್ನಷ್ಟು ಒತ್ತಿ ಹಿಡಿದು.